ನೀಲಿ ಕಪ್ಪೆ ನೀಲಿಯಲ್ಲ

ನಮಸ್ಕಾರ.

ಮ್ಯೂಸಿಯಮ್ಮಿನ ಜಾಡಿಗಳಲ್ಲಿ ಕಾಪಿಟ್ಟ ಕಪ್ಪೆಗಳ ಬಗ್ಗೆ ನೀವು ಬರೆದ ‘ಗಾಜಿನೊಳಗಿನ ಕಪ್ಪೆಗಳು’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ನೋಡುತ್ತೇವೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಸತ್ತ ಕಪ್ಪೆಗಳ ‘ಮೌನ ರೋದನ’ ನಮಗೆ ಕೇಳಿಸಲಿಲ್ಲ. ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪ್ಯಾರಾದಲ್ಲಿ, ಮ್ಯೂಸಿಯಮ್ಮಿನ ಹಿಂಬದಿ ಕೋಣೆಯಲ್ಲಿ ಜಾಡಿಯ ಮುಚ್ಚಳ ತೆಗೆದಾಗ.

ದೊಡ್ಡ ತಪ್ಪು ಇರುವುದೂ ಅಲ್ಲೇ. ಜಾಡಿಯಲ್ಲಿ ಕಂಡ ಮರಗಪ್ಪೆಯನ್ನು ‘ಅಪರೂಪದ ನೀಲಿ ಪ್ರಭೇದ’ ಎಂದಿದ್ದೀರಿ. ಬಹುಮಟ್ಟಿಗೆ ಅದು ಬದುಕಿದ್ದಾಗ ಹಸಿರಾಗಿಯೇ ಇತ್ತು. ಕಪ್ಪೆಯ ಚರ್ಮದೊಳಗಿನ ಸೂಕ್ಷ್ಮ ಹರಳುಗಳು ಬೆಳಕನ್ನು ಚದುರಿಸಿ ನೀಲಿ ಹೊಮ್ಮಿಸುತ್ತವೆ. ಮೇಲಿನ ಪದರದ ಹಳದಿ ವರ್ಣಕ ಸೇರಿ ನಮ್ಮ ಕಣ್ಣಿಗೆ ಹಸಿರಾಗುತ್ತದೆ. ಜಾಡಿಯ ಸ್ಪಿರಿಟ್ಟಿನಲ್ಲಿ, ಅಂದರೆ ಎಥನಾಲ್ ಎಂಬ ಆಲ್ಕೊಹಾಲಿನಲ್ಲಿ, ಹಳದಿ ಕರಗಿಹೋಗಿ ನೀಲಿ ಉಳಿಯುತ್ತದೆ. ಬರಬರುತ್ತ ಅದೂ ಮಾಸಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಜೀವ ಇರುವಾಗಲೇ ಫೋಟೋ ತೆಗೆದು, ಕಣ್ಣಿನ ಮತ್ತು ತೊಡೆಯ ಒಳಬದಿಯ ಬಣ್ಣ ಬರೆದುಕೊಳ್ಳುವುದು.

‘ಎಲ್ಲವನ್ನೂ ಫಾರ್ಮಲಿನ್ನಿನಲ್ಲಿ ಶಾಶ್ವತವಾಗಿ ಇಡುತ್ತಾರೆ’ ಎಂಬುದೂ ಸರಿಯಲ್ಲ. ಫಾರ್ಮಲಿನ್ ಎಂದರೆ ಮಾಂಸ ಕೊಳೆಯದಂತೆ ಗಟ್ಟಿಯಾಗಿಸುವ ದ್ರಾವಣ. ಮೊದಲು ಪಿತ್ತಜನಕಾಂಗದ ಅಥವಾ ತೊಡೆಯ ಸ್ನಾಯುವಿನ ಒಂದು ಚೂರನ್ನು 95% ಎಥನಾಲಿಗೆ ಹಾಕುತ್ತಾರೆ; ಫಾರ್ಮಲಿನ್ ತಾಗಿದ ಮೇಲೆ ಡಿಎನ್‌ಎ ತೆಗೆಯುವುದು ಬಹಳ ಕಷ್ಟ. ಆಮೇಲೆ ಕಾಲ್ಬೆರಳು ಬಿಡಿಸಿ ತಟ್ಟೆಯಲ್ಲಿ ಮಲಗಿಸಿ, ಅಂಗಡಿಯ ಫಾರ್ಮಲಿನ್ 1 ಪಾಲಿಗೆ ನೀರು 9 ಪಾಲು ಬೆರೆಸಿದ ದ್ರಾವಣ. ಮುದುಡಿಕೊಂಡೇ ಗಟ್ಟಿಯಾದರೆ ಬೆರಳ ನಡುವಿನ ಪೊರೆಯನ್ನು ಮುಂದೆ ಯಾರೂ ನೋಡಲಾಗದು. ಹಾವಾದರೆ ಉದ್ದಕ್ಕೂ ಅಲ್ಲಲ್ಲಿ ಸೂಜಿಯಿಂದ ಒಳಗೆ ಬಿಡಬೇಕು, ಇಲ್ಲದಿದ್ದರೆ ಹೊಟ್ಟೆ ಕೊಳೆಯುತ್ತದೆ. ಕೆಲವು ದಿನ ಕಳೆದು ನೀರಿನಲ್ಲಿ ತೊಳೆದು 70% ಎಥನಾಲಿಗೆ. ಗೊದಮೊಟ್ಟೆ ಮಾತ್ರ ಫಾರ್ಮಲಿನ್ನಿನಲ್ಲೇ ಇರುತ್ತದೆ, ಸ್ಪಿರಿಟ್ಟಿನಲ್ಲಿ ಅದರ ಬಾಲದ ಪೊರೆ ಸುಕ್ಕುಗಟ್ಟುತ್ತದೆ.

ಜಾಡಿಯಲ್ಲಿ ದ್ರವ ಕಡಿಮೆಯಾದಾಗ ‘ಮೇಲಿಂದ ಸ್ಪಿರಿಟ್ ಸುರಿದರಾಯಿತು’ ಎಂದಿದ್ದೀರಿ. ಆಗುವುದಿಲ್ಲ. ಜಾಡಿಯಿಂದ ನೀರಿಗಿಂತ ಬೇಗ ಆರುವುದು ಆಲ್ಕೊಹಾಲ್. ಪ್ರತಿಸಲ 70% ಸುರಿಯುತ್ತ ಹೋದರೂ ಒಳಗಿನದು ತೆಳುವಾಗುತ್ತಲೇ ಇರುತ್ತದೆ. 50%ಕ್ಕಿಂತ ಕೆಳಗಿಳಿದರೆ ಮಾಂಸ ಮೆತ್ತಗಾಗಿ ಕಳಚತೊಡಗುತ್ತದೆ. ಮೊದಲು ದ್ರವದ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಇಳಿಬಿಟ್ಟು ಅಳೆದು, ಕೊರತೆಗೆ ತಕ್ಕಷ್ಟು ತೀಕ್ಷ್ಣವಾದದ್ದನ್ನು ಸೇರಿಸಬೇಕು.

ಚೀಟಿಗೆ ನೀವು ಕೊಟ್ಟದ್ದು ಒಂದೇ ಸಾಲು. ಲೇಖನದ ಅರ್ಧ ಅದಕ್ಕೇ ಮೀಸಲಾಗಬೇಕಿತ್ತು. ಚೀಟಿಯನ್ನು ಹತ್ತಿದಾರದಿಂದ ಮಾದರಿಗೇ ಕಟ್ಟುತ್ತಾರೆ, ಜಾಡಿಯ ಹೊರಗೆ ಅಂಟಿಸಿದರೆ ಸಾಲದು. ಬಾಲ್‌ಪೆನ್ ಶಾಯಿ ಸ್ಪಿರಿಟ್ಟಿನಲ್ಲಿ ತೊಳೆದುಹೋಗುತ್ತದೆ, ಪೆನ್ಸಿಲ್ ನಿಲ್ಲುತ್ತದೆ. ಅದರ ಮೇಲಿನ ಸಂಖ್ಯೆ ನೋಂದಣಿ ಪುಸ್ತಕದಲ್ಲಿ ಸ್ಥಳ, ಎತ್ತರ, ತಾರೀಖು, ಹಿಡಿದವರ ಹೆಸರಿಗೆ ದಾರಿ ತೋರಬೇಕು. ಹಳೆಯ ಚೀಟಿಯಲ್ಲಿ ಬರೀ ‘ಮಲಬಾರ್’ ಎಂದಿದ್ದರೆ ಯಾವ ಹಳ್ಳ, ಯಾವ ಬೆಟ್ಟ ಎಂದು ಹುಡುಕುವುದು?

ಇಷ್ಟೊಂದು ಕೊಲ್ಲಬೇಕೇ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಉತ್ತರವನ್ನೂ ಕೊಡಿ. ನಮ್ಮ ಮಲೆನಾಡಿನ ಕುಂಬಾರ ಕಪ್ಪೆಗೆ 2014ರಲ್ಲಿ ವೈಜ್ಞಾನಿಕ ಹೆಸರು ಬಂತು. ಆ ಹೆಸರಿಗೆ ಆಧಾರ ಒಂದೇ ಒಂದು ಮಾದರಿ, ಅದರ ಹೋಲೋಟೈಪ್. ನಾಳೆ ಯಾರಿಗಾದರೂ ಸಂಶಯ ಬಂದರೆ ಮರಳಿ ನೋಡಬೇಕಾದದ್ದು ಅದನ್ನೇ. ಸಂಗ್ರಹಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೆಂಬ ಸಾಲೂ ಇರಲಿ, ಓದಿದವರು ಬಾಟಲಿ ಹಿಡಿದು ಹಳ್ಳಕ್ಕೆ ಇಳಿಯದಿರಲಿ.

ಮತ್ತೆ ಕಳಿಸುವಾಗ ಕಪ್ಪೆಯ ಮುಖದ ಫೋಟೋ ಬೇಡ, ಕಾಲಿಗೆ ಕಟ್ಟಿದ ಚೀಟಿಯದ್ದು ಕಳಿಸಿ.

– ಸಂಪಾದಕರು