ಸೋಪಿನ ಉಂಡೇಲಿ 60 ಅಣು, ಎಣಿಸಿದ್ದು ಯಾರು?

ಪ್ರಶ್ನೆ: ಸರ್, ಮಗಳು ಎಂಎಸ್ಸಿ ಕೆಮಿಸ್ಟ್ರಿ ಓದ್ತಿದಾಳೆ. ಸೋಪಿನಂಥ ಅಣುಗಳು ನೀರಲ್ಲಿ ತಾವಾಗೇ ಉಂಡೆ ಕಟ್ಕೋತವೆ, ಒಂದೊಂದು ಉಂಡೇಲೂ ಸುಮಾರು 60 ಅಣು ಅಂತಾಳೆ. ಕಣ್ಣಿಗೇ ಕಾಣದ್ದನ್ನ ಎಣಿಸೋದು ಹೇಗೆ? ಬರೀ ಥಿಯರಿನಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಮಗಳು ಹೇಳಿದ್ದು ಸರಿಯಾಗೇ ಇದೆ, ಆ ಲೆಕ್ಕ ನೀವೂ ಹಾಕಬಹುದು, ಹೈಸ್ಕೂಲ್ ಗಣಿತ ಸಾಕು. ಟೂತ್‌ಪೇಸ್ಟ್ ಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್ ಅಂತ ಇರತ್ತಲ್ಲ, ಅದನ್ನೇ ತಗೊಳ್ಳಿ. ಒಂದು ತುದೀಲಿ ನೀರಿಗೆ ಒಗ್ಗೋ ತಲೆ, ಇನ್ನೊಂದು ತುದೀಲಿ 12 ಕಾರ್ಬನ್‌ಗಳ ಎಣ್ಣೆಯಂಥ ಬಾಲ. ಬಾಲ ನೀರಿಗೆ ಹೆದರತ್ತೆ ಅಂತಾರೆ, ನಂಗೆ ಆ ಮಾತು ಅಷ್ಟಾಗಿ ಹಿಡಿಸಲ್ಲ, ನೀರಿನ ಅಣುಗಳೇ ಒಂದಕ್ಕೊಂದು ಕೈ ಹಿಡ್ಕೊಂಡು ಬಾಲಾನ ಹೊರಗೆ ದೂಡ್ತವೆ ಅನ್ನಿ. ಲೀಟರ್ ನೀರಿಗೆ ಎರಡು ಎರಡೂವರೆ ಗ್ರಾಂ ದಾಟಿದ ಮೇಲೆ ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ ಇರೋ ಉಂಡೆ ಕಟ್ಟತ್ತೆ, ಇದೇ ಮೈಸೆಲ್.

ಈಗ ಲೆಕ್ಕ. ಉಂಡೆ ನಡುವೆ ಖಾಲಿ ಜಾಗ ಇರೋ ಹಾಗಿಲ್ಲ, ಹಾಗಾಗಿ ಬಾಲಗಳು ತುಂಬಿರೋ ಒಳಭಾಗದ ತ್ರಿಜ್ಯ ಒಂದು ಬಾಲ ಪೂರ್ತಿ ಚಾಚಿದಷ್ಟೇ ಇರಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ. ವಿಜ್ಞಾನಿ ಚಾರ್ಲ್ಸ್ ಟ್ಯಾನ್‌ಫರ್ಡ್ ಸೂತ್ರದ ಪ್ರಕಾರ ಈ ಬಾಲದ ಉದ್ದ 1.67 ನ್ಯಾನೋಮೀಟರ್ (ಮೀಟರ್‌ನ ನೂರು ಕೋಟಿಯಲ್ಲಿ ಒಂದು ಭಾಗ ಒಂದು ನ್ಯಾನೋಮೀಟರ್), ಘನಫಲ 0.35 ಘನ ನ್ಯಾನೋಮೀಟರ್. 1.67 ತ್ರಿಜ್ಯದ ಗೋಳದ ಘನಫಲ 19.5. ಭಾಗಿಸಿ ನೋಡಿ, 56 ಬರತ್ತೆ! ಲ್ಯಾಬಲ್ಲಿ ಅಳೆದಾಗ ಸಿಗೋದು 60ರ ಆಸುಪಾಸು, ಪೆನ್ನು ಪೇಪರ್ ಲೆಕ್ಕಕ್ಕೆ ಇನ್ನೇನು ಬೇಕು ಹೇಳಿ.

ಎಲ್ಲಾ ಅಣುಗಳೂ ಉಂಡೇನೇ ಕಟ್ಟಲ್ಲ. 1976ರಲ್ಲಿ ಇಸ್ರೇಲಾಚ್ವಿಲಿ, ಮಿಚೆಲ್, ನಿನ್ಹಮ್ ಅನ್ನೋ ವಿಜ್ಞಾನಿಗಳು ಮೂವರೂ ಸೇರಿ ಒಂದು ಅನುಪಾತ ಕೊಟ್ರು: ಬಾಲದ ಉದ್ದಾನ ಉಂಡೆ ಮೈಮೇಲೆ ಒಂದು ತಲೆ ಹಿಡಿಯೋ ಜಾಗದಿಂದ (ವಿಸ್ತೀರ್ಣದಿಂದ) ಗುಣಿಸಿ, ಬಂದಿದ್ದರಿಂದ ಬಾಲದ ಘನಫಲಾನ ಭಾಗಿಸಿ. ಉತ್ತರ 1/3ಕ್ಕಿಂತ ಕಮ್ಮಿ ಇದ್ರೆ ಉಂಡೆ, 1/2ರವರೆಗೆ ಕಡ್ಡಿ, 1ರವರೆಗೆ ಹಾಳೆ. ನಮ್ಮ ಜೀವಕೋಶದ ಪೊರೆಯ ಕೊಬ್ಬಿಗೆ ಎರಡು ಬಾಲ, ಘನಫಲ ಡಬಲ್, ಅದಕ್ಕೇ ಅದು ಹಾಳೆ ಆಗತ್ತೆ.

ತಕರಾರು ಇರೋದು ತಲೆ ಹಿಡಿಯೋ ಜಾಗದಲ್ಲಿ, ಅದು ಸ್ಥಿರ ಅಲ್ಲ. ಶಾಂಪೂ ಬಾಟಲಿ ಹಿಂದೆ ಸೋಡಿಯಂ ಕ್ಲೋರೈಡ್ ಅಂತಿರತ್ತೆ ನೋಡಿ, ಅಡಿಗೆ ಉಪ್ಪೇ ಅದು, ಉಪ್ಪು ಬಿದ್ರೆ ತಲೆತಲೆಗಳ ಜಗಳ ತಗ್ಗಿ ಹತ್ತಿರ ಹತ್ತಿರ ಕೂರ್ತವೆ, ಜಾಗ ಕಮ್ಮಿಯಾಗಿ ಅನುಪಾತ ಏರತ್ತೆ, ಉಂಡೆಗಳು ಉದ್ದುದ್ದ ಶಾವಿಗೆ ಥರ ಆಗಿ ಒಂದಕ್ಕೊಂದು ಸಿಕ್ಕಾಕ್ಕೊಂಡು ಶಾಂಪೂ ಮಂದ ಆಗತ್ತೆ. ಇನ್ನೂ ಸುರಿದ್ರೆ ಮತ್ತೆ ನೀರುನೀರು ಆಗ್ಬಿಡತ್ತೆ! ಶಾವಿಗೆಗಳು ಕವಲೊಡೆದು ಜಾರೋಕೆ ಶುರು ಮಾಡ್ತವೆ ಅಂತಾರೆ, ಅದನ್ನ ಹೇಳೋಕೆ ಈ ಒಂದು ಅನುಪಾತ ಸಾಲಲ್ಲ, ಮಗಳನ್ನೇ ಕೇಳಿ.