4,500 ಡಾಲರಿಗೆ ಹಾಯಿದೋಣಿ: ಕೊಳ್ಳುವ ಮೊದಲು ಎಲ್ಲೆಲ್ಲಿ ತಟ್ಟಿ ನೋಡಬೇಕು?

ಪ್ರಶ್ನೆ: ನಾನು ಹೊನ್ನಾವರ ಕಡೆಯವನು, ಈಗ ಸಿಯಾಟಲ್‌ನಲ್ಲಿ ಕೆಲಸ. ಹಾಯಿದೋಣಿ ನಡೆಸಲು ಇಲ್ಲೇ ಕಲಿತೆ. ಆಫೀಸಿನವರೊಬ್ಬರು ತಮ್ಮ 1978ರ ಕ್ಯಾಟಲಿನಾ 27 ಮಾದರಿಯ (ಸುಮಾರು 27 ಅಡಿ ಉದ್ದ) ದೋಣಿಯನ್ನು 4,500 ಡಾಲರಿಗೆ ಕೊಡ್ತೀನಿ ಅಂತಿದ್ದಾರೆ. ಕೊಂಡ ಬೆಲೆಯ ಶೇ 10ರಷ್ಟು ಹಣವನ್ನು ವರ್ಷವರ್ಷ ರಿಪೇರಿಗೆ ಎತ್ತಿಟ್ಟರೆ ಸಾಕಂತೆ. ನಿಜವಾ ಸರ್?

ಉತ್ತರ: ಹೊಸ ದೋಣಿಗಾದರೆ ಆ ಲೆಕ್ಕ ಒಂದು ಮಟ್ಟಿಗೆ ಸರಿ. ನಿಮ್ಮದಕ್ಕೆ ಹೊಂದುವುದಿಲ್ಲ. 4,500ರಲ್ಲಿ ಶೇ 10 ಅಂದರೆ 450 ಡಾಲರ್. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ತಳ ತೊಳೆಸಿ, ಮತ್ತೆ ಇಳಿಸುವಷ್ಟರಲ್ಲಿ ಅದು ಹೆಚ್ಚುಕಮ್ಮಿ ಖಾಲಿ. ಬಣ್ಣದ ಡಬ್ಬಿ ಇನ್ನೂ ತೆರೆದೇ ಇರುವುದಿಲ್ಲ. ದೋಣಿ ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ. ತಂತಿ, ಬಣ್ಣ, ಕೂಲಿ ಇಳಿಯುವುದಿಲ್ಲ ಅಲ್ವಾ? ಆದ್ದರಿಂದ ಕೊಂಡ ಬೆಲೆ ಮರೆತು ದೋಣಿಯ ಉದ್ದದ ಅಡಿ ಲೆಕ್ಕ ಹಿಡಿಯಿರಿ.

ಮೊದಲು ನಿಲ್ಲಿಸುವ ಜಾಗ. ಮರೀನಾ ಬಾಡಿಗೆ ತಿಂಗಳಿಗೆ ಅಡಿಗೆ 18 ಡಾಲರ್ ಅಂದುಕೊಂಡರೂ 27 ಅಡಿಗೆ 486, ವರ್ಷಕ್ಕೆ 5,832. ಅಂದರೆ ದೋಣಿಯ ಬೆಲೆಗಿಂತ ಜಾಸ್ತಿ, ಅದೂ ಪ್ರತಿ ವರ್ಷ. ವಿಮೆ ಬೇರೆ.

ಸಿಯಾಟಲ್‌ನಲ್ಲಿ ಒಂದು ಅನುಕೂಲ ಇದೆ. 1917ರಿಂದ ನಡೆಯುತ್ತಿರುವ ಬಲ್ಲಾರ್ಡ್ ಲಾಕ್ಸ್ (ಸಮುದ್ರಕ್ಕೂ ಸರೋವರಕ್ಕೂ ನಡುವೆ ದೋಣಿಗಳನ್ನು ಏರಿಸಿ ಇಳಿಸುವ ನೀರಿನ ಗೇಟುಗಳು) ದಾಟಿ ಲೇಕ್ ಯೂನಿಯನ್ ಸರೋವರಕ್ಕೆ ಬಂದರೆ ಅಲ್ಲಿ ಸಿಹಿನೀರು. ತಳಕ್ಕೆ ಅಂಟಿಕೊಳ್ಳುವ ಉಪ್ಪುನೀರಿನ ಚಿಪ್ಪುಹುಳುಗಳು ಸಿಹಿನೀರಿನಲ್ಲಿ ಬದುಕುವುದಿಲ್ಲ, ತಳದ ಕೆಲಸ ಕಡಿಮೆಯಾಗುತ್ತದೆ. ಲಾಕ್ಸ್ ದಾಟಲು ಶುಲ್ಕವೂ ಇಲ್ಲ. ಆದರೆ ಲೋಹಕ್ಕೆ ತುಕ್ಕು ಹಿಡಿಯದಂತೆ ತಳದಲ್ಲಿ ಕಟ್ಟುವ ಸತುವಿನ ತುಂಡು ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಎರಡೂ ನೀರಿನಲ್ಲಿ ಓಡಾಡುವ ದೋಣಿಗೆ ಅಲ್ಯೂಮಿನಿಯಂ ತುಂಡು ಹಾಕಿಸಿ. ಅರ್ಧ ಸವೆದ ಕೂಡಲೇ ಬದಲಾಯಿಸಿ.

ಇನ್ನು ನಿಜವಾದ ಖರ್ಚು ಅಡಗಿರುವ ಜಾಗಗಳಿಗೆ ಬರೋಣ. ಡೆಕ್ಕಿನ (ನಾವು ಓಡಾಡುವ ಮೇಲ್ಭಾಗದ) ಎರಡು ಫೈಬರ್ ಪದರಗಳ ನಡುವೆ ಮರ ಇರುತ್ತದೆ. ಡೆಕ್ಕಿನ ಅಂಚಿನ ಬೇಲಿಯ ಕಂಬಗಳ ಬುಡದ ಸ್ಕ್ರೂ ತೂತಿನಿಂದ ಮಳೆನೀರು ಇಳಿದರೆ ಆ ಮರ ಒಳಗೊಳಗೇ ಕೊಳೆಯುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬುಡದ ಸುತ್ತ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ 'ಟಕ್' ಅನ್ನುತ್ತದೆ, ಕೊಳೆತಲ್ಲಿ 'ದಬ್' ಎಂಬ ಸತ್ತ ಸದ್ದು. ಅಂಗೈಯಗಲ ಇದ್ದರೆ ನೀವೇ ಸರಿಮಾಡಬಹುದು. ಡೆಕ್ಕಿನುದ್ದಕ್ಕೂ 'ದಬ್' ಅಂದರೆ ದಯವಿಟ್ಟು ಕೊಳ್ಳಬೇಡಿ. ಕೂಲಿ ಕೊಟ್ಟು ಮಾಡಿಸಿದರೆ ಅದೊಂದೇ ಕೆಲಸ ದೋಣಿಯ ಬೆಲೆಯನ್ನು ದಾಟುತ್ತದೆ.

ಮಾಸ್ಟ್ (ಹಾಯಿ ಕಟ್ಟುವ ಕಂಬ) ಹಿಡಿದಿರುವ ಸ್ಟೀಲ್ ತಂತಿ ಎರಡನೆಯದು. ಉಪ್ಪುನೀರಿನಲ್ಲಿ ಓಡಾಡುವ ದೋಣಿಗೆ 10ರಿಂದ 15 ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಬೇಕು ಎನ್ನುವುದು ಕಸುಬಿನವರ ಮಾತು. ಯಾವಾಗ ಬದಲಾಯಿಸಿದ್ದು, ಬಿಲ್ ಇದೆಯಾ ಎಂದು ನೇರವಾಗಿ ಕೇಳಿ. ಟಿಶ್ಯೂ ಪೇಪರಿನಲ್ಲಿ ತಂತಿಯನ್ನು ಮೇಲಿಂದ ಕೆಳಗೆ ಒರೆಸಿ. ಎಲ್ಲಾದರೂ ಎಳೆ ಕಿತ್ತಿದ್ದರೆ ಪೇಪರ್ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಒರೆಸಬೇಡಿ, ಬೆರಳು ಸೀಳುತ್ತದೆ. ತಂತಿ ಫಿಟ್ಟಿಂಗಿನೊಳಗೆ ಹೋಗುವ ಬಾಯಿಯಲ್ಲಿ ಕಂದು ಬಣ್ಣದ ಕಲೆ, ಕೂದಲೆಳೆಯ ಬಿರುಕು ಇದೆಯಾ ನೋಡಿ. ಒಂದು ತಂತಿ ಹೋದರೂ ಮಾಸ್ಟ್ ಉರುಳಬಹುದು. ಇಲ್ಲಿ ಉಳಿತಾಯದ ಮಾತೇ ಬೇಡ.

ನೀರಿನ ಕೆಳಗಿನ ತೂತುಗಳಿಗೆ ಹಾಕಿರುವ ವಾಲ್ವುಗಳನ್ನು ಒಂದೊಂದಾಗಿ ತಿರುಗಿಸಿ. ಕೆರೆದಾಗ ಲೋಹ ತಿಳಿ ಗುಲಾಬಿ ಬಣ್ಣ ತೋರಿಸಿದರೆ ಅದು ಹಿತ್ತಾಳೆ, ಅದರೊಳಗಿನ ಸತು ಕರಗಿಹೋಗಿದೆ. ಕಂಚಿನದು ಹಾಕಿಸಿ. ಕ್ಯಾಟಲಿನಾಗಳಲ್ಲಿ ಕೀಲ್ (ತಳದಿಂದ ನೀರಿಗೆ ಇಳಿಯುವ ಭಾರದ ರೆಕ್ಕೆ) ಮತ್ತು ದೋಣಿಯ ಹೊಟ್ಟೆ ಸೇರುವ ಮುಂಭಾಗದಲ್ಲಿ ಬರುವ ಬಿರುಕಿಗೆ 'ಕ್ಯಾಟಲಿನಾ ಸ್ಮೈಲ್' ಅಂತ ಹೆಸರೇ ಇದೆ. ಬಿರುಕು ಕಂಡ ಕೂಡಲೇ ಹೆದರಬೇಕಿಲ್ಲ. ಒಳಗಿನ ಕೀಲ್ ಬೋಲ್ಟುಗಳು ತುಕ್ಕು ಹಿಡಿದಿದ್ದರೆ ಮಾತ್ರ ವಾಪಸ್ ಬನ್ನಿ. ಎಂಜಿನ್ ಹೊರಗೆ ತೂಗುವ ಔಟ್‌ಬೋರ್ಡ್ ಆಗಿದ್ದರೆ ಚಿಂತೆ ಕಡಿಮೆ, ಕೆಟ್ಟರೆ ಬಿಚ್ಚಿ ಬೇರೆಯದು ಹಾಕಬಹುದು.

ಇಷ್ಟೆಲ್ಲ ನೀವೇ ನೋಡಿದ ಮೇಲೂ ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್‌ರನ್ನು ಕರೆಸಿ. ಅಡಿಗೆ 20ರಿಂದ 30 ಡಾಲರ್ ಆಗುತ್ತದೆ. ಅವರ ವರದಿ ಇಟ್ಟುಕೊಂಡೇ ಚೌಕಾಸಿ ಮಾಡಿ. ನನ್ನ ಸಲಹೆ ಇಷ್ಟು: ಬಾಡಿಗೆ, ವಿಮೆ ಬಿಟ್ಟು, ಮೊದಲ ವರ್ಷದ ರಿಪೇರಿಗೇ ಇನ್ನೊಂದು 4,500 ಡಾಲರ್ ಕೈಯಲ್ಲಿರಲಿ. ಅದಿಲ್ಲದಿದ್ದರೆ ಕ್ಲಬ್ ಸೇರಿ ಅವರ ದೋಣಿ ಓಡಿಸಿ. ಸಮುದ್ರ ಅದೇ ಸಮುದ್ರ.

ಪ್ರಶ್ನೆ: ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಮ್ಮದೊಂದು ಪುಟ್ಟ ಹಾಯಿದೋಣಿ ಇದೆ. ಮುಂದಿನ ಹಾಯಿಯ ಹೊಲಿಗೆ ಅಲ್ಲಲ್ಲಿ ಬಿಟ್ಟಿದೆ. ಹೊಸ ಹಾಯಿಯೇ ಕೊಳ್ಳಬೇಕಾ ಅಂತ ಕೇಳಿದರೆ, 'ನನ್ನನ್ನು ಕೇಳಬೇಡಿ, ನೀವೇ ಹೇಳಿ' ಎನ್ನುತ್ತಾರೆ ನಮ್ಮ ಹಾಯಿ ಹೊಲಿಯುವವರು! ಏನು ಮಾಡಲಿ?

ಉತ್ತರ: ಹೊಸದು ಈಗಲೇ ಬೇಡ. ಬಿಸಿಲಿಗೆ ಬಟ್ಟೆಗಿಂತ ಮೊದಲು ದಾರ ಸಾಯುತ್ತದೆ. ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ. ದಾರ ಪುಡಿಯಾಗಿ, ಬಟ್ಟೆ ಗಟ್ಟಿ ಉಳಿದರೆ ಪೂರ್ತಿ ಮರುಹೊಲಿಗೆ ಹಾಕಿಸಿ. ಹೊಸ ಹಾಯಿಯ ಬೆಲೆಯ ಒಂದು ಪಾಲಿನಲ್ಲಿ ಮುಗಿಯುತ್ತದೆ. ಬಟ್ಟೆಯೇ ಬೆರಳಲ್ಲಿ ಎಳೆದರೆ ಹರಿಯುವಂತಿದ್ದರೆ ಆ ಖರ್ಚು ದಂಡ. ಸುತ್ತಿಡುವ ಹಾಯಿಯಾದರೆ ಬಿಸಿಲು ತಡೆಯಲು ಅಂಚಿಗೆ ಹೊಲಿದ ಪಟ್ಟಿಯನ್ನೂ ಜೊತೆಗೇ ಬದಲಾಯಿಸಿಕೊಳ್ಳಿ. ಚಳಿಗಾಲದ ಶುರುವಿನಲ್ಲೇ ಕೊಟ್ಟುಬಿಡಿ. ವಸಂತ ಬಂದರೆ ಎಲ್ಲರೂ ಅಲ್ಲಿ ಸರತಿಯಲ್ಲಿರುತ್ತಾರೆ.