ಕಬ್ಬಿಗೆ ಸಿಲಿಕಾನ್ ಹೊಡೆದರೆ ಬೀಳೋದು ನಿಲ್ಲುತ್ತಾ? ಮಣ್ಣಲ್ಲೇ ಅದು ಇರಲ್ವಾ?

ನಮಸ್ಕಾರ್ರೀ. ನಾನು ಮುಧೋಳ ಕಡೆಯ ಕಬ್ಬು ಬೆಳೆಗಾರ. ನಿಮ್ಮದು ಅಥಣಿಯ ಕರಿ ಮಣ್ಣು, ಗಾಳಿ ಮಳೆಗೆ ಕಬ್ಬು ಮಲಗುತ್ತಿದೆ, ಅಂಗಡಿಯವರು ಸಿಲಿಕಾನ್ ಬಾಟಲಿ ತೋರಿಸುತ್ತಿದ್ದಾರೆ ಅಂತ ಬರೆದಿದ್ದೀರಿ. ನನ್ನ ಉತ್ತರ: ಸಿಲಿಕಾನ್ ಕೆಲಸ ಮಾಡೋದು ನಿಜ. ಆದರೆ ನಿಮ್ಮ ಹೊಲಕ್ಕೆ ಆ ಬಾಟಲಿ ಬೇಡ.

ಮೊದಲು ಎರಡನೇ ಪ್ರಶ್ನೆ. ಭೂಮಿಯ ಮೇಲ್ಪದರದಲ್ಲಿ ಆಮ್ಲಜನಕ ಬಿಟ್ಟರೆ ಅತಿ ಹೆಚ್ಚು ಇರುವುದು ಸಿಲಿಕಾನೇ. ಆದರೆ ಮರಳಿನ ರೂಪದಲ್ಲಿ ಇರುವುದು ನೀರಲ್ಲಿ ಕರಗೋದೇ ಇಲ್ಲ ಅನ್ನುವಷ್ಟು ಕಡಿಮೆ ಕರಗುತ್ತೆ. ಬೇರು ಕುಡಿಯುವುದು ಕರಗಿದ ಸಿಲಿಸಿಕ್ ಆಮ್ಲವನ್ನು ಮಾತ್ರ. ನಮ್ಮ ಕರಿ ಮಣ್ಣಿನ ಜೇಡಿಯಿಂದ ಅದು ಸಾಕಷ್ಟು ಬಿಡುಗಡೆ ಆಗುತ್ತೆ. ಕೊರತೆ ಬರುವುದು ಖಾನಾಪುರದಂಥ ಕಡೆ. ಅಲ್ಲಿ ಜೋರು ಮಳೆ ಕೆಂಪು ಜಂಬಿಟ್ಟಿಗೆ ಮಣ್ಣಿಂದ ಅದನ್ನು ತೊಳೆದುಕೊಂಡು ಹೋಗುತ್ತೆ. ಭತ್ತವೋ ಸಿಲಿಕಾನಿಗೆ ಹಸಿದ ಬೆಳೆ, ಒಣ ತೂಕದ 10 ಶೇಕಡಾದವರೆಗೂ ಅದನ್ನು ತುಂಬಿಕೊಳ್ಳಬಲ್ಲದು. ಭತ್ತದ ಬೇರಲ್ಲಿ ಸಿಲಿಕಾನನ್ನು ಒಳಗೆ ಬಿಡುವ ಜೀನ್ ಯಾವುದು ಅಂತ ಜಪಾನಿನವರು 2006ರಲ್ಲಿ ಪತ್ತೆ ಮಾಡಿದರು. ಸಿಲಿಕಾನ್ ಕೊರತೆಯ ನೆಲದಲ್ಲಿ ಭತ್ತದ ಸಸಿಮಡಿಗೆ ಸುಟ್ಟ ಭತ್ತದ ಹೊಟ್ಟು ಹಾಕಿದರೆ ಬೆಂಕಿ ರೋಗ ಅನ್ನುವ ಶಿಲೀಂಧ್ರ ರೋಗದ ಕಾಟವೂ ತಗ್ಗುತ್ತೆ. ಹೊಟ್ಟು ಸುಟ್ಟ ಮೇಲೆ ಒಂದು ಚಿಟಿಕೆ ಬೂದಿ ಅಂಗೈಯಲ್ಲಿ ಹಾಕಿಕೊಂಡು ನೋಡಿ. ಎಷ್ಟೋ ಕಾಳಿನ ಸಿಪ್ಪೆ ಆಕಾರ ಕೆಡದೆ ಹಾಗೇ ಇರುತ್ತೆ. ಉಳಿದದ್ದು ಬಹುಪಾಲು ಸಿಲಿಕಾ, ಅಂದರೆ ಸಿಲಿಕಾನ್ ಆಮ್ಲಜನಕದ ಜೊತೆ ಸೇರಿದ್ದು.

ಗಿಡದೊಳಗೆ ಆಗೋದು ಇಷ್ಟು. ನೀರಿನ ಜೊತೆ ಮೇಲೆ ಹೋದ ಆಮ್ಲ, ನೀರು ಆವಿಯಾದ ಕಡೆ ಗಟ್ಟಿಯಾಗಿ ಎಲೆಯ ಹೊರಪದರದಲ್ಲಿ ಗಾಜಿನಂತೆ ಕೂರುತ್ತೆ. ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಲಿಯುವಾಗ ಕೈ ಕೊಯ್ದುಕೊಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಲೆಯಂಚಿನ ಆ ಸಣ್ಣ ಮುಳ್ಳುಗಳಲ್ಲಿ ತುಂಬಿರುವುದು ಅದೇ. ಇದರಿಂದ ಎಲೆ ನೆಟ್ಟಗೆ ನಿಂತು ಬಿಸಿಲು ಚೆನ್ನಾಗಿ ಹಿಡಿಯುತ್ತೆ, ಕೊರೆಯುವ ಹುಳುವಿನ ಹಲ್ಲು ಸವೆಯುತ್ತೆ. ಒಮ್ಮೆ ಕೂತದ್ದು ಮತ್ತೆ ಕರಗಿ ಹೊಸ ಎಲೆಗೆ ಹೋಗಲ್ಲ. ಅದಕ್ಕೇ ಬೇರಿಗೆ ಬೆಳೆಯುದ್ದಕ್ಕೂ ಸಿಗುತ್ತಿರಬೇಕು.

ಈಗ ಬಾಟಲಿ ಲೆಕ್ಕ. ಒಳ್ಳೆ ಕಬ್ಬು ಒಂದು ವರ್ಷದಲ್ಲಿ ಹೆಕ್ಟೇರಿಗೆ 300 ಕಿಲೋಗೂ ಜಾಸ್ತಿ ಸಿಲಿಕಾನ್ ಹೀರಿದ ದಾಖಲೆ ಇದೆ. ಲೀಟರ್ ಬಾಟಲಿಯಲ್ಲಿರುವುದು ಪೂರ್ತಿ ಸಿಲಿಕಾನೇ ಅಂದುಕೊಂಡರೂ ಎಷ್ಟಾಯ್ತು? ಹವಾಯಿ, ಫ್ಲಾರಿಡಾದಲ್ಲಿ ಕಬ್ಬಿಗೆ ಸಿಲಿಕಾನಿಂದ ಇಳುವರಿ ಹೆಚ್ಚು ಬಂದಿದೆ, ಸುಳ್ಳಲ್ಲ. ಆದರೆ ಅವರು ಕ್ಯಾಲ್ಸಿಯಂ ಸಿಲಿಕೇಟ್ ಕಿಟ್ಟವನ್ನು (ಲೋಹ ಕರಗಿಸಿದಾಗ ಉಳಿಯುವ ಕಸ) ಟನ್‌ಗಟ್ಟಲೆ ಮಣ್ಣಿಗೆ ಹಾಕಿದರು, ಅದೂ ಸಿಲಿಕಾನ್ ಕಡಿಮೆ ಇರುವ ಮಣ್ಣಿಗೆ.

ನಿಮ್ಮ ಕಬ್ಬು ಬೀಳೋದಕ್ಕೆ ನಾನು ಮೊದಲು ಅನುಮಾನ ಪಡುವುದು ಯೂರಿಯಾ ಮೇಲೆ. ಎಷ್ಟು ಚೀಲ ಹಾಕಿದಿರಿ ಅಂತ ನೀವು ಬರೆದಿಲ್ಲ! ಸಾರಜನಕ ಜಾಸ್ತಿಯಾದರೆ ಕಬ್ಬು ಸರಸರ ಏರುತ್ತೆ, ಗಟ್ಟಿ ಇರಲ್ಲ. ಬುಡಕ್ಕೆ ಮಣ್ಣು ಸರಿಯಾಗಿ ಏರಿಸದಿದ್ದರೆ, ನೀರು ಬಿಟ್ಟ ಮರುದಿನವೇ ಗಾಳಿ ಬೀಸಿದರೆ ಮುಗೀತು.

ಸಿಲಿಕಾನೇ ಬೇಕು ಅಂದರೆ ರವದಿ ಸುಡಬೇಡಿ. ಸುಟ್ಟರೂ ಸಿಲಿಕಾ ಬೂದಿಯಲ್ಲಿ ಉಳಿಯುತ್ತೆ ಅಂತ ವಾದ ಮಾಡುವವರಿದ್ದಾರೆ. ಸರಿಯೇ, ಆದರೆ ಸಾರಜನಕ ಹೊಗೆಯಾಗಿ ಹೋಗುತ್ತೆ, ಬೂದಿ ಅರ್ಧ ಗಾಳಿಪಾಲು. ಕುಳೆ ಕಬ್ಬಿನ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ) ಸಾಲಲ್ಲಿ ಸುಮ್ನೆ ಹರಡಿ, ಕೊಳೆಯಲಿ.

ದ್ರಾಕ್ಷಿಯ ಕತೆ ಬೇರೆ. ತಿಕೋಟಾ ಕಡೆ ನಮ್ಮ ನೆಂಟರ ತೋಟದಲ್ಲಿ ಬೂದಿ ರೋಗಕ್ಕೆ ಪೊಟ್ಯಾಸಿಯಂ ಸಿಲಿಕೇಟ್ ಹೊಡೆಯುತ್ತಾರೆ. ದ್ರಾಕ್ಷಿ ಬೇರಿಂದ ಸಿಲಿಕಾನ್ ಹೆಚ್ಚು ಎಳೆಯಲ್ಲ, ಎಲೆ ಮೇಲೆ ಕೂತ ಪದರವೇ ಶಿಲೀಂಧ್ರಕ್ಕೆ ಅಡ್ಡ ಆಗುತ್ತೆ. ಈ ಸಿಲಿಕೇಟ್ ತುಂಬಾ ಕ್ಷಾರ, ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ಟ್ಯಾಂಕಲ್ಲಿ ಬೆರೆಸಿದರೆ ಗಸಿ ಕಟ್ಟಿ ನಾಜಲ್ ಮುಚ್ಚಿಹೋಗುತ್ತೆ.

ಇನ್ನು ಸವಳು ನೆಲ, ಅಂದರೆ ಉಪ್ಪು ಕೂತ ನೆಲ. ಸಿಲಿಕಾನ್ ಇದ್ದರೆ ಗಿಡ ಸೋಡಿಯಂ ಕಡಿಮೆ ಎಳೆಯುತ್ತೆ ಅನ್ನೋದು ಭತ್ತದಲ್ಲಿ ಕಂಡಿದೆ. ಆದರೆ ಕೃಷ್ಣಾ ದಂಡೆಯ ಜವಳು ಹಿಡಿದ ಹೊಲಕ್ಕೆ ಮೊದಲು ಬೇಕಾದ್ದು ಬಸಿಗಾಲುವೆ. ಸಕ್ಕರೆ ಫ್ಯಾಕ್ಟರಿಯ ಬಗ್ಯಾಸ್ (ಕಬ್ಬಿನ ಸಿಪ್ಪೆ) ಬೂದಿ ಪುಕ್ಕಟೆ ಸಿಗುತ್ತೆ ಅಂತ ಟ್ರ್ಯಾಕ್ಟರ್‌ಗಟ್ಟಲೆ ತಂದು ಸುರಿಯಬೇಡಿ. ಅದೂ ಕ್ಷಾರ, ನಮ್ಮ ಮಣ್ಣೂ ಕ್ಷಾರ. ತಂದರೆ ತಿಪ್ಪೆಗೆ ಸ್ವಲ್ಪ ಸ್ವಲ್ಪವೇ ಬೆರೆಸಿ.